ಶಿಲುಬೆಯ ಕಥೆಯೂ ಅರ್ಥವಾದವೂ

ಮಹಾಭಾರತದ ಆದಿಪರ್ವದಲ್ಲಿ ಮಾಂಡವ್ಯಮುನಿಯ ಉಪಾಖ್ಯಾನವೊಂದುಂಟು. ಮೌನವ್ರತದಲ್ಲಿದ್ದ ಆ ಮುನಿಯ ಆಶ್ರಮದಲ್ಲಿ ಕಳ್ಳರು ತಾವು ಕದ್ದ ಧನವನ್ನು ಬಚ್ಚಿಟ್ಟು ಅಲ್ಲಿಯೇ ಅಡಗಿಕೊಂಡರು. ಬೆನ್ನಟ್ಟಿ ಬಂದ ರಾಜಭಟರು ಕೇಳಿದಾಗ ಮುನಿಯು ಬಾಯಿ ಬಿಚ್ಚಲಿಲ್ಲ. ಆದುದರಿಂದ ಅವನನ್ನೂ ಕಳ್ಳರೊಡನೆ ಹಿಡಿದುಕೊಂಡು ಹೋಗಿ ಶೂಲಕ್ಕೇರಿಸಿದರು. ನಿರಪರಾಧಿಯಾದವನು, ವಿಚಾರಣೆಯಲ್ಲಿ ಮೌನಿಯಾದವನು, ಕಳ್ಳರ ಸಂಗಡ ದಂಡಿತನಾದವನು: ಇದನ್ನೋದುವಾಗ ಯೇಸುಕ್ರಿಸ್ತನ ಶಿಲುಬೆಯ ಕಥೆಯು ನೆನಪಿಗೆ ಬಾರದಿರುವದು ಕಠಿಣ. ಹೋಲಿಕೆಯು ಇಷ್ಟು ಸಮೀಪವಾಗಿರುವದರಿಂದಲೇ ಒಂದು ಕಥೆಯು ಮತ್ತೊಂದರಿಂದ ಹುಟ್ಟಿತೆಂದು ಸಾಧಿಸಹೊರಟವರೂ ಇದ್ದಾರೆ. ಆದರೆ ಮಾಂಡವ್ಯನು ಶೂಲದ ಮೇಲೆ ಸಾಯುವದಿಲ್ಲ. ಮುಂದೆ ಅವನು ಧರ್ಮರಾಜನನ್ನೇ ತಡೆದು ನಿಲ್ಲಿಸಿ, ಬಾಲ್ಯದಲ್ಲಿ ಹುಲ್ಲುಕಡ್ಡಿಯಿಂದ ಹುಳುಗಳನ್ನು ಚುಚ್ಚಿದ ತಪ್ಪಿಗೆ ಇಷ್ಟು ದೊಡ್ಡ ದಂಡವೇ ಎಂದು ಕೇಳಿ, ಅವನು ವಿದುರನಾಗಿ ಹುಟ್ಟುವಂತೆ ಶಪಿಸುತ್ತಾನೆ. ಆ ಕಥೆಯ ತಾತ್ಪರ್ಯವಿರುವದು ಪಾಪಕ್ಕೂ ದಂಡಕ್ಕೂ ಇರಬೇಕಾದ ಪ್ರಮಾಣದಲ್ಲಿ. ಶಿಲುಬೆಯ ಕಥೆಗೆ ಆ ಪ್ರಶ್ನೆಯೇ ಇಲ್ಲ. ಉಪಕ್ರಮ ಉಪಸಂಹಾರಗಳನ್ನು ನೋಡದೆ ನಡುವಿನ ಅಂಗಗಳನ್ನು ಮಾತ್ರ ಹೋಲಿಸಿ ತೀರ್ಪು ಕೊಡಬಾರದೆಂದು ಪಾಠಶಾಲೆಯಲ್ಲಿ ನಮ್ಮ ಗುರುಗಳು ನಮಗೆ ಮೊದಲು ಕಲಿಸಿದ್ದು. ಆ ಮಾತು ಇಲ್ಲಿಯೂ ಸಲ್ಲುವದು.

ಈ ವಿಚಾರವು ನನ್ನ ಮನಸ್ಸನ್ನು ಹಿಡಿದುದಕ್ಕೆ ಒಂದು ನಿಮಿತ್ತವುಂಟಾಯಿತು. ಗೋಕಾವಿಯಲ್ಲಿ ನಾವು ಕೆಲವರು ತಿಂಗಳಿಗೊಮ್ಮೆ ಕೂಡಿ ಕಾವ್ಯವಾಚನ ಮಾಡುತ್ತೇವೆ. ಒಂದು ಸಾಯಂಕಾಲ ಮಂಜೇಶ್ವರದ ಗೋವಿಂದ ಪೈಗಳ ‘ಗೊಲ್ಗೊಥಾ’ ಓದಲ್ಪಟ್ಟಿತು. ಕ್ರಿಸ್ತನ ಕೊನೆಯ ದಿನವನ್ನು ಕನ್ನಡ ಖಂಡಕಾವ್ಯವಾಗಿಸಿದ ಆ ಕೃತಿಯು 1937ರಲ್ಲಿ ಪ್ರಕಟವಾದುದು. ಬುದ್ಧನ ಕೊನೆಯ ದಿನವನ್ನು ಕುರಿತು ‘ವೈಶಾಖಿ’ಯನ್ನು ಬರೆದವರೂ ಅವರೇ. ವಾಚನವು ಮುಗಿದ ಮೇಲೆ ಮೂಡಲಗಿಯಿಂದ ಬಂದಿದ್ದ ತರುಣ ಪದವೀಧರರೊಬ್ಬರು ಎದ್ದು, ಈ ವೃತ್ತಾಂತವೆಲ್ಲ ಯೆಹೂದ್ಯರ ಹಳೆಯ ಗ್ರಂಥಗಳ ವಾಕ್ಯಗಳಿಂದ ಹೆಣೆದುದು, ಕಣ್ಣಾರೆ ಕಂಡು ಬರೆದದ್ದು ಇದರಲ್ಲಿ ಏನೂ ಇಲ್ಲವೆಂದು ಪಾಶ್ಚಾತ್ಯ ಪಂಡಿತರೇ ಒಪ್ಪಿರುವರೆಂದು ಹೇಳಿದರು. ಹಿಂದಿನ ಸಾಲಿನಲ್ಲಿ ಹುಕ್ಕೇರಿಯ ಕಡೆಯ ಕ್ರೈಸ್ತ ಗೃಹಿಣಿಯೊಬ್ಬರು ಕುಳಿತಿದ್ದರು. ದವಾಖಾನೆಯಲ್ಲಿ ದಾದಿಯಾಗಿ ದುಡಿದು ನಿವೃತ್ತರಾದವರು. ಅವರು ಮೆಲ್ಲಗೆ, ‘ಹಂಗಾದ್ರ ಶುಭ ಶುಕ್ರವಾರ ನಾವು ಅಳೂದು ಯಾರ ಸಲುವಾಗಿರಿ, ಮಾಸ್ತರ?’ ಎಂದು ನನ್ನ ಕಡೆಗೆ ನೋಡಿದರು. ‘ಸತ್ತ ಮನುಷ್ಯನ ಸಲುವಾಗಿಯೇರಿ, ಅಕ್ಕಾವ್ರ, ಅದರಾಗ ಸಂಶಯ ಬ್ಯಾಡ’ ಎಂದಷ್ಟೇ ಆಗ ಹೇಳಿದೆನು. ಹಾಗೆ ಹೇಳುವದಕ್ಕೆ ಆಧಾರವೇನೆಂಬುದನ್ನು ವಿಸ್ತರಿಸಿ ಹೇಳಬೇಕಾದದ್ದು ನ್ಯಾಯವಾಗಿದೆ.

ಮೊದಲು ಗ್ರಂಥಗಳ ಕಾಲವನ್ನು ನೋಡೋಣ. ರೋಮನ್ ಅಧಿಪತಿ ಪೊಂತ್ಯ ಪಿಲಾತನು ಯೂದಾಯ ಪ್ರಾಂತವನ್ನಾಳಿದ್ದು ಕ್ರಿ. ಶ. 26ರಿಂದ 36ರ ವರೆಗೆ. ಶಿಲುಬೆಯ ಮರಣವು ಕ್ರಿ. ಶ. 30 ಅಥವಾ 33ರಲ್ಲಿ ನಡೆಯಿತೆಂಬುದು ಹೆಚ್ಚಿನ ವಿದ್ವಾಂಸರ ಮತ. ಪೌಲನ ಪತ್ರಗಳು ಕ್ರಿ. ಶ. 50ರ ದಶಕದವು. ಅವುಗಳಲ್ಲಿ ಮರಣವುಂಟು, ಸಮಾಧಿಯುಂಟು, ಪುನರುತ್ಥಾನವುಂಟು, ಆದರೆ ಕಥನವಿಲ್ಲ. ಕಥೆಯನ್ನು ಕ್ರಮವಾಗಿ ಹೇಳುವ ಸುವಾರ್ತೆಗಳಲ್ಲಿ ಮಾರ್ಕನದು ಅತಿ ಪ್ರಾಚೀನ. ಅದು ರೋಮನರು ಯೆರೂಸಲೇಮಿನ ದೇವಾಲಯವನ್ನು ಸುಟ್ಟ ಕ್ರಿ. ಶ. 70ರ ಸುಮಾರಿನದು. ಮತ್ತಾಯ ಲೂಕರು ಮಾರ್ಕನನ್ನು ಮುಂದಿಟ್ಟುಕೊಂಡು ಬರೆದರು. ಯೋಹಾನನ ಸುವಾರ್ತೆಯು ಮೊದಲನೆಯ ಶತಮಾನದ ಕೊನೆಯದೆಂದು ಎಣಿಸುತ್ತಾರೆ. ಅಂದರೆ ಘಟನೆಗೂ ಮೊದಲಿನ ಕಥನಕ್ಕೂ ನಡುವೆ ಸುಮಾರು 40 ವರುಷಗಳ ಅಂತರ. ನಮ್ಮ ಪುರಾಣಗಳ ಲೆಕ್ಕದಲ್ಲಿ ಇದು ಅಂತರವೇ ಅಲ್ಲ. ಆದರೆ ಮಾತು ಬಾಯಿಂದ ಬಾಯಿಗೆ ಹೋಗಿ ರೂಪ ತಾಳುವದಕ್ಕೆ 40 ವರುಷಗಳು ಬೇಕಾದಷ್ಟಾದವು.

ಇನ್ನು ಆ ತರುಣರ ಮಾತಿನ ಮೂಲಕ್ಕೆ ಬರೋಣ. 1835ರಲ್ಲಿ ಜರ್ಮನಿಯ ಡೇವಿಡ್ ಫ್ರೀಡ್ರಿಖ್ ಸ್ಟ್ರಾಸ್ ಎಂಬ ತರುಣ ಪಂಡಿತನು ಯೇಸುವಿನ ಚರಿತ್ರೆಯನ್ನು ವಿಮರ್ಶಿಸಿ ಒಂದು ದೊಡ್ಡ ಗ್ರಂಥವನ್ನು ಬರೆದನು. ಸುವಾರ್ತೆಗಳಲ್ಲಿಯ ಎಷ್ಟೋ ಪ್ರಸಂಗಗಳು ಹಳೆಯ ಒಡಂಬಡಿಕೆಯ ಪ್ರತೀಕ್ಷೆಗಳಿಂದ ತಾವಾಗಿ ಬೆಳೆದ ಪುರಾಣಗಳೆಂಬುದು ಅವನ ವಾದ. ಅದಕ್ಕಾಗಿ ಅವನು ಟ್ಯೂಬಿಂಗೆನ್ನಿನ ಅಧ್ಯಾಪಕ ವೃತ್ತಿಯನ್ನು ಕಳೆದುಕೊಂಡನು. ಆ ವಾದವು ಶಿಲುಬೆಯ ಕಥೆಯ ಮಟ್ಟಿಗೆ ಅತ್ಯಂತ ತೀಕ್ಷ್ಣವಾಗಿ ಮಂಡಿತವಾದುದು ನಮ್ಮ ಕಾಲದಲ್ಲಿ, ಜಾನ್ ಡೊಮಿನಿಕ್ ಕ್ರಾಸನ್ ಎಂಬವನಿಂದ. 1988ರ ಮತ್ತು 1995ರ ತನ್ನ ಗ್ರಂಥಗಳಲ್ಲಿ ಅವನು ಹೇಳುವದೇನಂದರೆ, ಬಂಧನವಾದೊಡನೆ ಶಿಷ್ಯರು ಓಡಿಹೋದರು, ಯೇಸುವು ಸತ್ತನೆಂಬುದರ ಹೊರತು ವಿವರಗಳಾವುವೂ ಅವರಿಗೆ ಗೊತ್ತಿರಲಿಲ್ಲ, ಆಮೇಲೆ ಶಾಸ್ತ್ರಗಳನ್ನು ಹುಡುಕಿ ಹುಡುಕಿ ಆ ರಿಕ್ತಸ್ಥಾನವನ್ನು ತುಂಬಿದರು. ಇದಕ್ಕೆ ಪ್ರತಿಯಾಗಿ 1994ರಲ್ಲಿ ರೇಮಂಡ್ ಬ್ರೌನ್ ಎಂಬ ಕ್ಯಾಥೊಲಿಕ ಪಾದ್ರಿಯು ಎರಡು ಮಹಾಸಂಪುಟಗಳನ್ನು ಬರೆದು, ನೆನಪೇ ಮೊದಲು, ಶಾಸ್ತ್ರವಾಕ್ಯಗಳು ಆ ನೆನಪಿಗೆ ತೊಡಿಸಿದ ಉಡುಗೆ ಎಂದು ಪ್ರತಿಪಾದಿಸಿದನು. ತರುಣರು ಗಮನಿಸಬೇಕಾದ ಸಂಗತಿಯೆಂದರೆ, ಕ್ರಾಸನ್ನನಾದರೂ ಮರಣವನ್ನು ಅಲ್ಲಗಳೆಯಲಿಲ್ಲ. ಇತಿಹಾಸದಲ್ಲಿ ಯಾವ ಸಂಗತಿಯಾದರೂ ನಿಶ್ಚಿತವೆನ್ನಬಹುದಾದರೆ ಅದು ಅಷ್ಟು ನಿಶ್ಚಿತವೆಂದೇ ಅವನ ಅಭಿಪ್ರಾಯ. ವಿವಾದವಿರುವದು ವಿವರಗಳ ಬಗ್ಗೆ.

ಹೆಣೆದದ್ದೆಂಬ ಮಾತಿನಲ್ಲಿ ಹುರುಳಿಲ್ಲವೆಂದು ಯಾರೂ ಹೇಳಲಾರರು. ಯೆಹೂದ್ಯರ ಕೀರ್ತನೆಗಳಲ್ಲಿ 22ನೆಯದನ್ನು ತೆಗೆದುಕೊಳ್ಳಿರಿ. ದೇವರು ತನ್ನನ್ನು ಕೈಬಿಟ್ಟನೆಂಬ ಆರ್ತಸ್ವರದಿಂದ ಅದು ಆರಂಭವಾಗುವದು. ನೋಡುವವರು ತಲೆಯಾಡಿಸಿ ಹಂಗಿಸುವದು ಅದರಲ್ಲಿದೆ. ವೈರಿಗಳು ಉಡುಪುಗಳನ್ನು ಹಂಚಿಕೊಂಡು ಚೀಟಿ ಹಾಕುವದೂ ಇದೆ. ಮಾರ್ಕನ ಕಥೆಯಲ್ಲಿ ಈ ಮೂರೂ ಬರುತ್ತವೆ. ಲೂಕನಿಗೆ ಆ ಆರ್ತಸ್ವರವು ಸಹ್ಯವಾಗಲಿಲ್ಲವೆಂದು ತೋರುವದು. ಅವನು ಅದನ್ನು ಬಿಟ್ಟು 31ನೆಯ ಕೀರ್ತನೆಯಿಂದ ಶಾಂತವಾದ ಆತ್ಮಸಮರ್ಪಣೆಯ ಮಾತನ್ನು ತಂದನು. ಯೋಹಾನನಲ್ಲಿ ಇನ್ನೊಂದು ವಿನೋದವುಂಟು. ಹೀಬ್ರೂ ಪದ್ಯದಲ್ಲಿ ಒಂದೇ ಅರ್ಥವನ್ನು ಎರಡು ಪಾದಗಳಲ್ಲಿ ಬೇರೆ ಬೇರೆ ಶಬ್ದಗಳಿಂದ ಹೇಳುವದು ವಾಡಿಕೆ. ಉಡುಪು ಹಂಚಿದರು, ಬಟ್ಟೆಗೆ ಚೀಟಿ ಹಾಕಿದರು ಎಂಬಲ್ಲಿ ನಡೆದದ್ದು ಒಂದೇ ಕ್ರಿಯೆ. ಯೋಹಾನನು ಅದನ್ನು ಎರಡು ಘಟನೆಗಳಾಗಿ ಬಿಡಿಸಿ, ಸಿಪಾಯಿಗಳು ಉಡುಪುಗಳನ್ನು ನಾಲ್ಕು ಪಾಲು ಮಾಡಿದರೆಂದೂ, ಹೊಲಿಗೆಯಿಲ್ಲದ ಅಂಗಿಗೆ ಮಾತ್ರ ಚೀಟಿ ಹಾಕಿದರೆಂದೂ ಬರೆಯುತ್ತಾನೆ. ಮತ್ತಾಯನು ಹೀಗೆಯೇ ಜೆಕರ್ಯನ ಪದ್ಯದಲ್ಲಿಯ ಒಂದು ಕತ್ತೆಯನ್ನು ಎರಡಾಗಿ ತಿಳಿದು, ಯೆರೂಸಲೇಮಿನ ಪ್ರವೇಶಕ್ಕೆ ತಾಯಿಕತ್ತೆ ಮರಿಕತ್ತೆಗಳೆರಡನ್ನೂ ತರಿಸುತ್ತಾನೆ. ಅಮರಕೋಶವನ್ನು ಬಾಯಿಪಾಠ ಮಾಡಿದ ಹುಡುಗನು ಪರ್ಯಾಯಪದಗಳನ್ನು ಕಂಡು ನಾಲ್ಕು ಮಂದಿ ದೇವತೆಗಳೆಂದು ಎಣಿಸಿದಂತೆ ಇದು! ಇಂಥ ಸ್ಥಳಗಳಲ್ಲಿ ಶಾಸ್ತ್ರವಾಕ್ಯವೇ ಘಟನೆಯನ್ನು ಹೆತ್ತಿತೆಂಬುದು ಸ್ಪಷ್ಟ.

ಆದರೆ ಅದೇ ಕೀರ್ತನೆಯಲ್ಲಿ ಕೈಕಾಲುಗಳನ್ನು ಕುರಿತ ಮಾತೂ ಒಂದಿದೆ. ಹೀಬ್ರೂ ಪಾಠವು ಅಲ್ಲಿ ಸಂದಿಗ್ಧ; ಗ್ರೀಕ್ ಅನುವಾದದಲ್ಲಿ ಮಾತ್ರ ಅದು ತೋಡುವ, ಚುಚ್ಚುವ ಅರ್ಥವನ್ನು ಕೊಡುವದು. ಮೊಳೆ ಜಡಿದು ಸಾಯಿಸಿದ ಕಥೆಗೆ ಅದಕ್ಕಿಂತ ಅನುಕೂಲವಾದ ವಾಕ್ಯವು ಮತ್ತೊಂದಿಲ್ಲ. ಸುವಾರ್ತೆಗಾರರು ಓದಿದ್ದು ಬಹುತರ ಆ ಗ್ರೀಕ್ ಪಾಠವನ್ನೇ. ಆದರೂ ನಾಲ್ವರಲ್ಲಿ ಒಬ್ಬನಾದರೂ ಅದನ್ನು ಉದಾಹರಿಸಲಿಲ್ಲ. ಕೀರ್ತನೆಯಿಂದಲೇ ಕಥೆಯನ್ನು ಹುಟ್ಟಿಸುವವರಾಗಿದ್ದರೆ ಮೊದಲು ಕೈ ಹಾಕಬೇಕಾದದ್ದು ಅಲ್ಲಿಗೆ. ನನಗೆ ಇದು ಚಿಕ್ಕ ಸಾಕ್ಷಿಯಾಗಿ ತೋರುವದಿಲ್ಲ.

ಇಲ್ಲಿ ನಮ್ಮ ಸೀಮೆಯ ಹೆಂಗಸರನ್ನು ನೆನೆಯಬೇಕು. ಮನೆಯಲ್ಲಿ ಸಾವಾದಾಗ ಹಿರಿಯ ಹೆಂಗಸರು ಹಾಡಿಕೊಂಡು ಅಳುವ ಪದ್ಧತಿಯು ಇನ್ನೂ ಹಳ್ಳಿಗಳಲ್ಲಿ ಪೂರ್ಣ ಅಳಿದಿಲ್ಲ. ಆ ಅಳುವಿನ ಮಾತುಗಳು ಅವರು ಕಟ್ಟಿದವುಗಳಲ್ಲ. ಅವರ ತಾಯಿಯಿಂದ, ಅತ್ತೆಯಿಂದ ಬಂದವು. ಕಂಬ ಮುರಿದದ್ದು, ದೀಪ ನಂದಿದ್ದು, ಹಕ್ಕಿ ಗೂಡು ಬಿಟ್ಟದ್ದು, ಎಲ್ಲರ ಸಾವಿಗೂ ಅವೇ ಮಾತು. ಮಾತು ಹಳೆಯದೆಂಬ ಕಾರಣದಿಂದ ಅಂಗಳದಲ್ಲಿ ಹೆಣವಿಲ್ಲವೆಂದು ಯಾರು ವಾದಿಸುವರು? ಮೊಹರಮ್ಮಿನಲ್ಲಿ ಹಿಂದೂ ಮುಸಲ್ಮಾನರು ಕೂಡಿ ಹಾಡುವ ರಿವಾಯತ ಪದಗಳಲ್ಲಿ ಕ್ರಿ. ಶ. 680ರ ಕರ್ಬಲಾದ ವೀರರು ಕನ್ನಡದ ರೈತರ ಮನೆಯ ಮಕ್ಕಳಂತೆ ಮಾತಾಡುತ್ತಾರೆ. ಅಷ್ಟರಿಂದ ಹುಸೇನನ ಮರಣವು ಕಲ್ಪಿತವಾಗಲಿಲ್ಲ. ಕ್ರಾಸನ್ನನೂ 1998ರ ಗ್ರಂಥವೊಂದರಲ್ಲಿ, ಶಿಲುಬೆಯ ಕಥೆಯು ರೂಪುಗೊಂಡುದರಲ್ಲಿ ಹೆಂಗಸರ ಶೋಕಗಾನದ ಪಾಲುಂಟೆಂದು ಸೂಚಿಸಿದ್ದಾನೆ. ಯೆಹೂದ್ಯರ ದುಃಖಕ್ಕೆ ಮಾತೃಭಾಷೆಯು ಕೀರ್ತನೆಗಳೇ. ಗುರುವನ್ನು ಕಳೆದುಕೊಂಡವರು ಬೇರೆ ಯಾವ ಮಾತಿನಲ್ಲಿ ಅಳಬೇಕಾಗಿತ್ತು?

ಇದನ್ನು ಪರೀಕ್ಷಿಸುವದಕ್ಕೆ ಹತ್ತಿರದ ಒಂದು ನಿದರ್ಶನವುಂಟು. ಮೂಡಲಗಿಗೆ ಬಹಳ ದೂರವಲ್ಲದ ಮುಧೋಳ ಸೀಮೆಯ ಹಲಗಲಿಯಲ್ಲಿ ಬೇಡರು ಆಯುಧಗಳನ್ನೊಪ್ಪಿಸಲು ನಿರಾಕರಿಸಿ 1857ರಲ್ಲಿ ದಂಗೆಯೆದ್ದರು. ಆ ವರುಷದ ಡಿಸೆಂಬರದಲ್ಲಿ ಅವರಲ್ಲಿ 19 ಜನರನ್ನು ಗಲ್ಲಿಗೇರಿಸಲಾಯಿತು. ಇದಕ್ಕೆ ಸರಕಾರದ ದಫ್ತರವೂ ಇದೆ, ಲಾವಣಿಯೂ ಇದೆ. ಲಾವಣಿಕಾರನು ಯುದ್ಧವನ್ನು ವರ್ಣಿಸುವದು ಪರಂಪರೆಯಿಂದ ಬಂದ ವೀರರಸದ ಮಾತುಗಳಿಂದಲೇ. ದಫ್ತರವೆಲ್ಲ ಸುಟ್ಟುಹೋಗಿ ಲಾವಣಿಯೊಂದೇ ಉಳಿದಿದ್ದರೆ, ಸಾವಿರ ವರುಷಗಳ ತರುವಾಯದ ಪಂಡಿತನು ಹಲಗಲಿಯ ಬೇಡರು ಕವಿಕಲ್ಪಿತರೆಂದು ಬರೆಯುತ್ತಿರಲಿಲ್ಲವೆಂದು ಹೇಗೆ ನಂಬುವದು?

ಹಾಗಾದರೆ ಯಾವುದನ್ನು ನಡೆದದ್ದೆಂದು ಹಿಡಿಯಬೇಕು, ಯಾವುದನ್ನು ಬಿಡಬೇಕು? ಈ ಕೆಲಸಕ್ಕೆ ಹೊಸ ಉಪಕರಣಗಳನ್ನು ಹುಡುಕುವ ಪೂರ್ವದಲ್ಲಿ ನಮ್ಮ ಮೀಮಾಂಸಕರನ್ನು ಕೇಳಬಹುದು. ವೇದದಲ್ಲಿ ವಿಧಿಗೆ ಅಂಗವಾಗಿ ಬರುವ ಕಥೆ, ಸ್ತುತಿ, ನಿಂದೆಗಳನ್ನು ಅವರು ಅರ್ಥವಾದವೆಂದು ಕರೆದು ಅದನ್ನು ಮೂರು ಬಗೆಯಾಗಿ ವಿಂಗಡಿಸಿದರು. ಬೇರೆ ಪ್ರಮಾಣಕ್ಕೆ ವಿರುದ್ಧವಾದದ್ದು ಗುಣವಾದ. ಅದನ್ನು ಅಕ್ಷರಶಃ ಹಿಡಿಯದೆ ಗುಣಸಾದೃಶ್ಯದಿಂದ ಅರ್ಥಮಾಡಬೇಕು. ಬೇರೆ ಪ್ರಮಾಣದಿಂದಲೂ ತಿಳಿದದ್ದು ಅನುವಾದ. ವಿರೋಧವೂ ಇಲ್ಲದೆ, ಬೇರೆಡೆಯಿಂದ ನಿಶ್ಚಯವೂ ಇಲ್ಲದೆ ಇರುವದು ಭೂತಾರ್ಥವಾದ.

ಮಧ್ಯಾಹ್ನದಲ್ಲಿ ಮೂರು ತಾಸು ಕತ್ತಲೆ ಕವಿಯಿತೆಂಬುದನ್ನು ಹಿಡಿಯಿರಿ. ಲೂಕನು ಸೂರ್ಯನೇ ಕುಂದಿದನೆನ್ನುತ್ತಾನೆ. ಆದರೆ ಅದು ಪಸ್ಕಹಬ್ಬದ ಸಮಯ. ಆ ಹಬ್ಬವು ಬರುವದು ಹುಣ್ಣಿಮೆಗೆ. ಸೂರ್ಯಗ್ರಹಣವು ಅಮಾವಾಸ್ಯೆಗಲ್ಲದೆ ಆಗದೆಂಬುದನ್ನು ಪಂಚಾಂಗ ನೋಡುವ ಯಾವ ಜೋಯಿಸನೂ ಬಲ್ಲನು. ಪೂರ್ಣಗ್ರಹಣವಾದರೂ ಒಂದು ಸ್ಥಳದಲ್ಲಿ 8 ಮಿನಿಟು ನಿಲ್ಲದು. ಆದುದರಿಂದ ಇದು ಗುಣವಾದ. ಅದರ ಅರ್ಥವೇನೆಂದರೆ, ಪ್ರವಾದಿಯಾದ ಆಮೋಸನು ನಡುಹಗಲಲ್ಲಿ ಸೂರ್ಯನು ಮುಳುಗುವ ದಿನವನ್ನು ಒಬ್ಬನೇ ಮಗನನ್ನು ಕಳೆದುಕೊಂಡ ಮನೆಯ ಶೋಕಕ್ಕೆ ಹೋಲಿಸಿದ್ದಾನೆ. ಆ ಶೋಕವನ್ನು ಹೇಳುವದಕ್ಕಾಗಿ ಸುವಾರ್ತೆಯು ಆ ಕತ್ತಲೆಯನ್ನು ತಂದಿತು. ಸುಳ್ಳೆಂದು ಎಸೆಯುವದಕ್ಕೂ ಗ್ರಹಗಣಿತ ಮಾಡಿ ಸಾಧಿಸುವದಕ್ಕೂ ಇದು ತಕ್ಕ ವಾಕ್ಯವಲ್ಲ.

ಪಿಲಾತನ ಆಳಿಕೆಯಲ್ಲಿ ಕ್ರಿಸ್ತನಿಗೆ ಮರಣದಂಡನೆಯಾಯಿತೆಂಬುದು ಅನುವಾದ. ಕ್ರಿ. ಶ. 116ರ ಸುಮಾರಿಗೆ ಬರೆದ ರೋಮನ್ ಇತಿಹಾಸಕಾರ ಟ್ಯಾಸಿಟಸನು ಕ್ರೈಸ್ತರನ್ನು ಹಳಿಯುತ್ತಲೇ ಇದನ್ನು ಹೇಳುತ್ತಾನೆ. ಕ್ರಿ. ಶ. 93ರ ಸುಮಾರಿನ ಯೆಹೂದ್ಯ ಇತಿಹಾಸಕಾರ ಜೊಸೀಫಸನೂ ಹೇಳಿದ್ದಾನೆ. ಅವನ ವಾಕ್ಯದಲ್ಲಿ ಮುಂದಿನ ಕ್ರೈಸ್ತ ಲಿಪಿಕಾರರ ಕೈ ಸೇರಿದ್ದರೂ ಕೆಳಗಿನ ಮೂಲಪಾಠವು ಉಂಟೆಂದು ಬಹುಜನರ ಮತ. ಈ ದಂಡನೆಯ ರೀತಿಗೆ ಮಣ್ಣಿನಿಂದಲೂ ಸಾಕ್ಷಿಯು ಬಂದಿದೆ: 1968ರಲ್ಲಿ ಯೆರೂಸಲೇಮಿನ ಬಳಿಯ ಸಮಾಧಿಯೊಂದರಲ್ಲಿ ಅದೇ ಶತಮಾನದ ಮನುಷ್ಯನೊಬ್ಬನ ಹಿಮ್ಮಡಿಯ ಎಲುಬು ಕಬ್ಬಿಣದ ಮೊಳೆಯ ಸಹಿತ ಸಿಕ್ಕಿತು.

ಭೂತಾರ್ಥವಾದಕ್ಕೆ ನನಗೆ ಪ್ರಿಯವಾದ ಉದಾಹರಣೆಯು ಕುರೇನೆಯ ಸೀಮೋನನದು. ಊರ ಹೊರಗಿನಿಂದ ಬರುತ್ತಿದ್ದ ಅವನನ್ನು ಸಿಪಾಯಿಗಳು ಬಿಟ್ಟಿ ಹಿಡಿದು ಶಿಲುಬೆಯನ್ನು ಹೊರಿಸಿದರು. ಇವನು ಅಲೆಕ್ಸಾಂದ್ರ ಮತ್ತು ರೂಫ ಎಂಬವರ ತಂದೆಯೆಂದು ಮಾರ್ಕನು ಹೇಳುತ್ತಾನೆ. ಆ ಇಬ್ಬರು ಮಕ್ಕಳು ಕಥೆಯಲ್ಲಿ ಮತ್ತೆಲ್ಲಿಯೂ ಬರುವದಿಲ್ಲ. ಯಾವ ಪ್ರವಾದನೆಗೂ ಅವರಿಂದ ಪ್ರಯೋಜನವಿಲ್ಲ. ಮತ್ತಾಯ ಲೂಕರು ಆ ಹೆಸರುಗಳನ್ನು ಬಿಟ್ಟುಬಿಟ್ಟರು. ಮಾರ್ಕನ ಕೇಳುಗರಿಗೆ ಆ ಮಕ್ಕಳು ಪರಿಚಿತರಾಗಿದ್ದರೆಂಬುದೇ ಇದಕ್ಕೆ ಸರಳವಾದ ಸಮಾಧಾನ. ನಮ್ಮಲ್ಲಿ ಹಳೆಯ ಸಂಗತಿಯನ್ನು ಹೇಳುವವರು ‘ನಮ್ಮ ಇಂಥವರ ತಂದೆ ಅಲ್ಲಿದ್ದರು’ ಎನ್ನುವದಿಲ್ಲವೇ? ಹಾಗೆ.

ಉಳಿದ ವಾದಗಳಲ್ಲಿ ನಾನು ಬಹಳ ಹೊತ್ತು ನಿಲ್ಲುವದಿಲ್ಲ. ಯೇಸುವು ಶಿಲುಬೆಯಲ್ಲಿ ಸಾಯದೆ ಗುಣಹೊಂದಿ ಕಾಶ್ಮೀರಕ್ಕೆ ಬಂದು ಶ್ರೀನಗರದಲ್ಲಿ ಮಣ್ಣಾದನೆಂಬುದು ಕಾದಿಯಾನದ ಮಿರ್ಜಾ ಗುಲಾಮ್ ಅಹಮದರ ಮತ. ಅದು ಅವರ ಅನುಯಾಯಿಗಳ ಶ್ರದ್ಧೆಯ ವಿಷಯ. ಇತಿಹಾಸಕಾರರು ಅದನ್ನು ಒಪ್ಪಿಲ್ಲ. 1875ರಲ್ಲಿ ಅಮೇರಿಕೆಯ ಕರ್ಸಿ ಗ್ರೇವ್ಸ್ ಎಂಬವನು ಶಿಲುಬೆಗೇರಿದ 16 ಮಂದಿ ಉದ್ಧಾರಕರ ಪಟ್ಟಿಯನ್ನು ಮಾಡಿ ನಮ್ಮ ಶ್ರೀಕೃಷ್ಣನನ್ನೂ ಅದರಲ್ಲಿ ಸೇರಿಸಿದನು. ಮೌಸಲಪರ್ವದಲ್ಲಿ ಜರನೆಂಬ ಬೇಡನ ಬಾಣವು ಕೃಷ್ಣನ ಅಂಗಾಲಿಗೆ ನಟ್ಟಿತೆಂಬುದನ್ನು ನಮ್ಮ ಮನೆಗಳ ಮಕ್ಕಳೂ ಬಲ್ಲರು. ಪಾಪ, ಆ ಗ್ರಂಥಕರ್ತನನ್ನು ತಿದ್ದುವ ಮಗುವೊಂದು ಅವನ ಬಳಿಯಲ್ಲಿರಲಿಲ್ಲ!

ಬರವಣಿಗೆಯಲ್ಲಿ ಇಲ್ಲದ್ದು ನಡೆದೇ ಇಲ್ಲವೆಂಬ ವಾದವನ್ನು ಮಾತ್ರ ಗಂಭೀರವಾಗಿ ನೋಡಬೇಕು. ಏಕೆಂದರೆ ಅದರ ಪೆಟ್ಟು ನಮಗೂ ತಗಲಿದೆ. ಸಮಕಾಲೀನ ಶಾಸನಗಳಲ್ಲಿ ಬಸವೇಶ್ವರರ ಹೆಸರು ಕಾಣದೆ ಹೋದುದರಿಂದ ಫ್ಲೀಟ್ ಸಾಹೇಬನು, ಕನ್ನಡ ಲಾವಣಿಗಳನ್ನು ಅಕ್ಕರೆಯಿಂದ ಕೂಡಿಸಿ ಅಚ್ಚು ಹಾಕಿಸಿದ ಅದೇ ಫ್ಲೀಟನು, 19ನೆಯ ಶತಮಾನದ ಕೊನೆಯಲ್ಲಿ ಅವರ ಐತಿಹಾಸಿಕ ಪಾತ್ರವನ್ನೇ ಸಂಶಯಿಸಿ, ವೀರಶೈವದ ಉತ್ಥಾನದ ಕೀರ್ತಿಯನ್ನು ಏಕಾಂತದ ರಾಮಯ್ಯನ ಕಡೆಗೆ ತಿರುಗಿಸಿದನು. ಆ ಮೌನವನ್ನು ಮುರಿದದ್ದು ನಮ್ಮ ಹುಕ್ಕೇರಿ ತಾಲೂಕಿನ ಅರ್ಜುನವಾಡದ ಕಲ್ಲು. ಸೇವುಣರ ಕನ್ನರದೇವನ ಕಾಲದ, ಕ್ರಿ. ಶ. 1260ರ ಆ ಶಾಸನದಲ್ಲಿ ಬಾಗವಾಡಿಯ ಮಾದಿರಾಜನ ಮಗನಾದ ಬಸವರಾಜನ ಹೆಸರು ಸ್ಪಷ್ಟವಾಗಿದೆ. ಆರ್. ಎಸ್. ಪಂಚಮುಖಿಯವರು ಅದನ್ನು ‘ಎಪಿಗ್ರಾಫಿಯಾ ಇಂಡಿಕಾ’ದಲ್ಲಿ ಸಂಪಾದಿಸಿಕೊಟ್ಟರು. ಪಿಲಾತನಿಗೂ ಹೀಗೆಯೇ ಆಯಿತು: ಗ್ರಂಥಗಳಲ್ಲಿ ಮಾತ್ರವಿದ್ದ ಅವನ ಹೆಸರು 1961ರಲ್ಲಿ ಕೈಸರಿಯದ ಹಾಳುನಾಟ್ಯಶಾಲೆಯಲ್ಲಿ ಮೆಟ್ಟಲಿಗೆ ಬಳಸಿದ್ದ ಕಲ್ಲೊಂದರ ಮೇಲೆ ಕಂಡುಬಂದಿತು.

ಅರ್ಜುನವಾಡದ ಕಲ್ಲು ಬಸವರಾಜನಿದ್ದನೆಂದು ಹೇಳುವದೇ ಹೊರತು ಕಲ್ಯಾಣದ ಕೊನೆಯ ದಿನಗಳನ್ನು ಹೇಳುವದಿಲ್ಲ. ಆ ದಿನಗಳ ಕಥೆಯಲ್ಲಿ ಪುರಾಣಗಳು ಒಂದೇ ಬಾಯಿಯಾಗಿಲ್ಲ. 1369ರ ಭೀಮಕವಿಯ ಬಸವಪುರಾಣದಲ್ಲಿ ಬಿಜ್ಜಳನು ಇಬ್ಬರು ಶರಣರ ಕಣ್ಣು ಕೀಳಿಸುತ್ತಾನೆ. ಜನರು ಇಂದು ಕಣ್ಣೀರಿನಿಂದ ಕೇಳುವ ಹರಳಯ್ಯ ಮಧುವಯ್ಯರ ಕಥೆಯಲ್ಲಿ ಅವರನ್ನು ಆನೆಯ ಕಾಲಿಗೆ ಕಟ್ಟಿ ಎಳೆಸುತ್ತಾನೆ. ಬಿಜ್ಜಳನನ್ನು ಕೊಂದವನು ಜಗದೇವನೆಂದು ಶರಣರ ಪುರಾಣಗಳು. ಬಸವಣ್ಣನ ಕಡೆಯವರು ವಿಷದ ಹಣ್ಣಿನಿಂದ ಕೊಂದರೆಂದು ಜೈನ ಕವಿ ಧರಣಿಪಂಡಿತನ ಬಿಜ್ಜಳರಾಯಚರಿತೆ. ಹಾನಿಯು ಆರಂಭವಾಗುವದು ಇಲ್ಲಿ. ಯಾರು ಸತ್ತರೆಂಬುದನ್ನು ಎಲ್ಲರೂ ಒಪ್ಪುತ್ತಾರೆ. ಯಾರು ಕೊಂದರೆಂಬಲ್ಲಿ ಹೇಳುವವನು ತನ್ನ ಕಾಲದ ವೈರವನ್ನು ಸತ್ತವನ ಕಾಲಕ್ಕೆ ಒಯ್ದು ಹಾಕುತ್ತಾನೆ.

ಶಿಲುಬೆಯ ಕಥೆಯಲ್ಲಿ ಈ ಹಾನಿಯು ಎಷ್ಟಾಯಿತೆಂಬುದನ್ನು ನೋಡಿದರೆ ಎದೆ ನಡುಗುವದು. ಶಿಲುಬೆಗೇರಿಸುವದು ರೋಮನರ ದಂಡನೆ, ಕ್ರಿ. ಪೂ. 4ರಲ್ಲಿ ವಾರಸನೆಂಬ ರೋಮನ್ ಅಧಿಕಾರಿಯು ಸುಮಾರು 2000 ಜನ ಯೆಹೂದ್ಯರನ್ನು ಶಿಲುಬೆಗೇರಿಸಿದನೆಂದು ಜೊಸೀಫಸನು ಬರೆದಿದ್ದಾನೆ. ಪಿಲಾತನನ್ನು ಅವನು ಕಠೋರನೆಂದು ವರ್ಣಿಸುತ್ತಾನೆ. ಸಮಾರ್ಯದ ಜನರನ್ನು ಕೊಲ್ಲಿಸಿದ ತಪ್ಪಿಗೇ ಅವನ ಅಧಿಕಾರವು ಹೋಯಿತು. ಆದರೆ ಸುವಾರ್ತೆಯಿಂದ ಸುವಾರ್ತೆಗೆ ಅವನು ಸೌಮ್ಯನಾಗುತ್ತ ಹೋಗುತ್ತಾನೆ. ಮಾರ್ಕನಲ್ಲಿ ಗುಂಪಿಗೆ ಮಣಿದವನು ಮತ್ತಾಯನಲ್ಲಿ ನೀರು ತರಿಸಿ ಕೈ ತೊಳೆದುಕೊಳ್ಳುತ್ತಾನೆ. ಯೋಹಾನನಲ್ಲಿ ಬಿಡಿಸುವದಕ್ಕಾಗಿ ಒಳಗೂ ಹೊರಗೂ ಅಲೆಯುತ್ತಾನೆ. 1886–87ರಲ್ಲಿ ಈಜಿಪ್ತದ ಅಖ್ಮೀಮದಲ್ಲಿ ದೊರೆತ ‘ಪೇತ್ರನ ಸುವಾರ್ತೆ’ಯ ತುಣುಕಿನಲ್ಲಿ ಶಿಕ್ಷೆಗೆ ಅಪ್ಪಣೆ ಕೊಡುವವನೇ ಪಿಲಾತನಲ್ಲ, ಹೆರೋದ. ರೋಮಿನ ಆಳಿಕೆಯಲ್ಲಿ ಬಾಳಬೇಕಾಗಿದ್ದ ಚಿಕ್ಕ ಸಮುದಾಯವು ರೋಮನ್ ಅಧಿಕಾರಿಯ ಮೇಲಿನ ಭಾರವನ್ನು ಇಳಿಸಿ, ತಾನು ಆಗಲೇ ಕಲಹ ಹೂಡಿದ್ದ ಯೆಹೂದ್ಯರ ಮೇಲೆ ಅದನ್ನು ಹೊರಿಸಿತೆಂಬುದು ಇಂದಿನ ಬಹುತೇಕ ಸಂಶೋಧಕರ ತೀರ್ಮಾನ. ಮೀಮಾಂಸಕರ ದೃಷ್ಟಿಯಿಂದ ಕೈ ತೊಳೆದ ಪಿಲಾತನು ಪ್ರಮಾಣಾಂತರಕ್ಕೆ ವಿರುದ್ಧನೇ ಸರಿ.

ಆ ರಕ್ತದ ಹೊಣೆಯು ನಮ್ಮ ಮೇಲೂ ನಮ್ಮ ಮಕ್ಕಳ ಮೇಲೂ ಇರಲೆಂದು ಜನರೆಲ್ಲ ಕೂಗಿದರೆಂಬ ಅರ್ಥದ ವಾಕ್ಯವು ನಾಲ್ಕರಲ್ಲಿ ಮತ್ತಾಯನೊಬ್ಬನಲ್ಲಿಯೇ ಇದೆ. ಕತ್ತಲೆಯ ವಾಕ್ಯವನ್ನು ಅಕ್ಷರಶಃ ನಂಬಿದವರಿಂದ ಯಾರಿಗೂ ಕೇಡಾಗಲಿಲ್ಲ. ಇದನ್ನು ಅಕ್ಷರಶಃ ನಂಬಿದವರಿಂದ ಆಯಿತು: 1096ರಲ್ಲಿ ಧರ್ಮಯುದ್ಧಕ್ಕೆಂದು ಹೊರಟ ದಂಡುಗಳು ರೈನ್ ನದಿಯ ಊರುಗಳಲ್ಲಿ ಯೆಹೂದ್ಯರ ಮನೆಗಳನ್ನು ಹೊಕ್ಕು ಕೊಂದವು, ಮುಂದಿನ ಶತಮಾನಗಳಲ್ಲಿಯೂ ಅದು ನಿಲ್ಲಲಿಲ್ಲ. ಅಕ್ಕಾವರ ಕಣ್ಣೀರಿಗೆ ಸಂಶೋಧಕರ ಅಪ್ಪಣೆಯು ಬೇಕಾಗಿಲ್ಲ. ಈ ಒಂದು ವಾಕ್ಯದ ಮಟ್ಟಿಗೆ ಸಂಶೋಧಕರು ಬಹಳ ಮೊದಲೇ ಬೇಕಾಗಿದ್ದರು. 1965ರ ಅಕ್ಟೋಬರ 28ರಂದು ಕ್ಯಾಥೊಲಿಕರ ಎರಡನೆಯ ವ್ಯಾಟಿಕನ್ ಮಹಾಸಭೆಯು, ಕ್ರಿಸ್ತನ ಮರಣದ ದೋಷವನ್ನು ಅಂದಿನ ಎಲ್ಲ ಯೆಹೂದ್ಯರ ಮೇಲಾಗಲಿ ಇಂದಿನವರ ಮೇಲಾಗಲಿ ಹೊರಿಸಲಾಗದೆಂದು ಘೋಷಿಸಿತು. ಮತ್ತಾಯನು ಆ ವಾಕ್ಯವನ್ನು ಬರೆದು ಅಷ್ಟರಲ್ಲಿ ಹದಿನೆಂಟು ಶತಮಾನಗಳು ಮೀರಿದ್ದವು.